ಹತ್ತೊಂಬತ್ತು ವ್ಯರ್ಥ ಚಲನೆಗಳು

ಹಳೇ ಮನೆಯ ಬಲ್ಬ್ ಹೋಲ್ಡರಿನೊಳಗೆ ಇಣುಕಿದವರಿಗೆ ಗೊತ್ತಿರುತ್ತದೆ, ಅಲ್ಲಿ ಎರಡು ಪುಟ್ಟ ಹಿತ್ತಾಳೆ ಮೊಳೆಗಳಿರುತ್ತವೆ. ಒಂದೊಂದರ ಬೆನ್ನಿಗೂ ಒಂದೊಂದು ಸ್ಪ್ರಿಂಗು. ಬಲ್ಬ್ ಒತ್ತಿದರೆ ಮೊಳೆ ಒಳಕ್ಕೆ ಸರಿಯುತ್ತದೆ, ಕೈ ಬಿಟ್ಟರೆ ಮುಂದಕ್ಕೆ ಬಂದು ಬಲ್ಬಿನ ತಳಕ್ಕೆ ಆತುಕೊಂಡು ನಿಲ್ಲುತ್ತದೆ. ಕರೆಂಟ್ ದಾಟಲಿಕ್ಕೆ ಇಷ್ಟು ಸಾಕು. ಸಿಂಚನಾಳ ಕೆಲಸ, ಹೆಸರು, ಗೋಡೆಯ ಮೇಲಿನ ಪ್ರಶಸ್ತಿ, ಕೊನೆಗೆ ಅವಳ ಅಪ್ಪನ ಜೀವ ಕೂಡ ಇಂಥ ಮೊಳೆಗಳ ಮೇಲೇ ನಿಂತಿತ್ತು. ಅವಳ ಮೊಳೆಗಳು ಸಾಸಿವೆ ಕಾಳಿನಷ್ಟು ದಪ್ಪ, ತುದಿಗೆ ಚಿನ್ನದ ಲೇಪ. ಅಷ್ಟೇ ವ್ಯತ್ಯಾಸ.

ಆ ಬುಧವಾರ ಬೆಳಿಗ್ಗೆ ಅವರ ಮನೆಯ ಬಚ್ಚಲಿನ ಬಲ್ಬು ಮಿಣಮಿಣ ಅನ್ನತೊಡಗಿತು. ಸಿಂಚನಾ ಅಡುಗೆಮನೆಯಲ್ಲಿ ಉಪ್ಪಿಟ್ಟು ಕೆದಕುತ್ತಿದ್ದಳು. ಹಾಲಿನಲ್ಲಿ ರೇಡಿಯೋ ಯಾಕೋ ಅವತ್ತು ಕಿವಿ ಹರಿಯುವ ಹಾಗೆ ಕೂಗುತ್ತಿತ್ತು. ತಿರುಗಿ ನೋಡುತ್ತಾಳೆ, ಅಪ್ಪ ಸೋಮಣ್ಣ ಆಗಲೇ ಸ್ಟೂಲ್ ಹತ್ತಿ ನಿಂತಿದ್ದಾರೆ! ವಯಸ್ಸು ಎಪ್ಪತ್ತೊಂದು, ಎದೆಯೊಳಗೆ ಪಂಪು, ಸೊಂಟದಲ್ಲಿ ಡಬ್ಬಿ. ಹೀಗಿದ್ದೂ ಸ್ಟೂಲ್ ಹತ್ತುವ ಮನುಷ್ಯನಿಗೆ ಏನನ್ನೋಣ?

"ಅಪ್ಪಾ! ಇಳಿ ಕೆಳಗೆ. ನಾನಿಲ್ವಾ?"

"ಮೂವತ್ತು ವರ್ಷ ಕಂಬ ಹತ್ತಿದೋನು ಕಣವ್ವ ನಾನು. ಇದ್ಯಾವ ಲೆಕ್ಕ?" ಸೋಮಣ್ಣ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದವರು. ಬಲ್ಬನ್ನು ಬಿಚ್ಚಲೂ ಇಲ್ಲ, ಹೋಲ್ಡರಿನಲ್ಲೇ ಒಂದು ಸಲ ಹಿಂದಕ್ಕೆ, ಒಂದು ಸಲ ಮುಂದಕ್ಕೆ ತಿರುಗಿಸಿದರು. ಬಲ್ಬು ಮಿಣಮಿಣ ನಿಲ್ಲಿಸಿ ನೆಟ್ಟಗೆ ಉರಿಯಿತು. "ನೋಡ್ದಾ? ಮೊಳೆ ತಲೆ ಮೇಲೆ ಪೊರೆ ಕಟ್ಟಿರುತ್ತೆ. ಸ್ವಲ್ಪ ಉಜ್ಜಿದ್ರೆ ಹೋಯ್ತು."

ಅವರು ದಡಕ್ಕನೆ ಇಳಿದಾಗ ಎಲ್ಲೋ 'ಗಿಲ್' ಎಂದು ಸಣ್ಣ ಸದ್ದಾಯಿತು. "ಜೇಬಲ್ಲಿ ಬೀಗದ ಕೈ ಗೊಂಚಲು ಬೇರೆ ಇಟ್ಕೊಂಡು ಹತ್ತಿದೀಯಾ. ಬಿದ್ದು ಚುಚ್ಚಿಕೊಂಡಿದ್ರೆ ಏನ್ ಗತಿ?" ಎಂದು ಬೈದಳು. ಅಪ್ಪ ಏನೋ ಹೇಳಲು ಬಾಯಿ ತೆರೆದವರು ಹಾಗೇ ನಕ್ಕು ರೇಡಿಯೋ ಕಡೆ ನಡೆದರು. ಅವಳಿಗೋ ಒಂಬತ್ತರೊಳಗೆ ಕೂರ್ಗಳ್ಳಿಯ ಕಾರ್ಖಾನೆ ಸೇರುವ ಆತುರ. ಉಪ್ಪಿಟ್ಟಿನ ಮೇಲೆ ತಟ್ಟೆ ಮುಚ್ಚಿಟ್ಟು ಹೊರಟಳು.

ಆ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದುದು 'ಜೊತೆಗಾರ' ಎಂಬ ಯಂತ್ರ. ಹೃದಯ ಸೋತವರ ಎದೆಯೊಳಗೆ ರಕ್ತ ತಳ್ಳುವ, ನಿಂಬೆಹಣ್ಣಿನ ಗಾತ್ರದ ಪಂಪು ಕೂರುತ್ತದೆ. ಅದರಿಂದ ಒಂದು ತೆಳ್ಳನೆಯ ಕೇಬಲ್ ಹೊಟ್ಟೆಯ ಪಕ್ಕದಿಂದ ಹೊರಬಂದು ಸೊಂಟದ ಡಬ್ಬಿಗೆ ಸೇರುತ್ತದೆ. ಡಬ್ಬಿಯೊಳಗೆ ಎರಡು ಬೋರ್ಡು, ಒಂದು ಬ್ಯಾಟರಿಯದು, ಇನ್ನೊಂದು ಪಂಪನ್ನು ನಡೆಸುವುದು. ಎರಡರ ನಡುವೆ ಏಳು ಸ್ಪ್ರಿಂಗ್ ಮೊಳೆಗಳ ಒಂದು ಕನೆಕ್ಟರ್. ಮೊದಲು ಈ ಕನೆಕ್ಟರನ್ನು ನಲವತ್ತಾರು ಹೆಂಗಸರು ಸಾಲಾಗಿ ಕೂತು ಕೈಯಿಂದ ಕೂರಿಸುತ್ತಿದ್ದರು. ದಿನಕ್ಕೆ ಹತ್ತಿಪ್ಪತ್ತು ಡಬ್ಬಿ ಆದರೆ ಹೆಚ್ಚು. ಹೊರಗೆ ಸಾವಿರಾರು ರೋಗಿಗಳು ಸರದಿಯಲ್ಲಿ ಕಾಯುತ್ತಿದ್ದರು, ಕೆಲವರು ಕಾಯುತ್ತಲೇ ಹೋಗುತ್ತಿದ್ದರು.

ಯಂತ್ರದ ಕೈಯೇ ಜೋಡಿಸುವ ಹಾಗೆ ಕನೆಕ್ಟರನ್ನು ತಿದ್ದಿದರೆ? ಈ ಪ್ರಶ್ನೆ ಹಾಕಿಕೊಂಡವಳು ಸಿಂಚನಾ. ಮೂರು ವಾರ ಆ ಹೆಂಗಸರ ಕೈಗೆ ತಂತಿ ಹೆಣೆದ ಕೈಗವಸು ತೊಡಿಸಿ ಬೆರಳಿನ ಒಂದೊಂದು ಚಲನೆಯನ್ನೂ ದಾಖಲಿಸಿದಳು. ಬೇಕಾದ್ದನ್ನು ಇಟ್ಟುಕೊಂಡಳು, ಬೇಡದ್ದನ್ನು ಹೊಡೆದುಹಾಕಿದಳು. ಕನೆಕ್ಟರಿನ ಬಾಯನ್ನು ಆಲಿಕೆಯಂತೆ ಅಗಲ ಮಾಡಿದಳು. ಯಂತ್ರದ ಕೈ ಮೇಲಿನಿಂದ ನೆಟ್ಟಗೆ ಇಳಿಸಿದರೆ ಸಾಕು, ಅದು ತಾನೇ ಜಾರಿ ತನ್ನ ಜಾಗದಲ್ಲಿ ಕೂರುತ್ತಿತ್ತು, ಸ್ಪ್ರಿಂಗುಗಳು ಒಂದು ಮಿಲಿಮೀಟರ್ ತಗ್ಗಿ ಮೊಳೆಗಳು ಆತುಕೊಳ್ಳುತ್ತಿದ್ದವು. ದಿನಕ್ಕೆ ಇನ್ನೂರು ಡಬ್ಬಿ! ವರ್ಷ ಕಳೆಯುವಷ್ಟರಲ್ಲಿ ಐವತ್ತು ಸಾವಿರ ಜನರ ಸೊಂಟದಲ್ಲಿ ಅವಳ ಡಬ್ಬಿ. ಮೊದಲ ದಿನದ ಮೊದಲ ಹತ್ತು ಡಬ್ಬಿಗಳಲ್ಲಿ ಆರನೆಯದನ್ನು, ಊರಿಗೆಲ್ಲ ಮೈಸೂರುಪಾಕು ಹಂಚಿ, ತನ್ನ ಅಪ್ಪನಿಗೇ ಹಾಕಿಸಿದ್ದಳು. ಹೆಮ್ಮೆ ಪಡಬಾರದು ಅನ್ನುವವರು ಯಾರು?

ಅವತ್ತು ಕಾರ್ಖಾನೆಯ ಬಾಗಿಲಲ್ಲೇ ಇಮ್ತಿಯಾಜ್ ಅವಳನ್ನು ಕಾಯುತ್ತಾ ನಿಂತಿದ್ದ. ಪರೀಕ್ಷಾ ಕೊಠಡಿಯ ಹೊಣೆ ಅವನದು. ಹತ್ತು ವರ್ಷದಲ್ಲಿ ಒಂದು ದಿನವೂ ಅವನು ಬಾಗಿಲಿಗೆ ಬಂದು ಯಾರನ್ನೂ ಕಾದವನಲ್ಲ.

"ಮೇಡಂ, ಡಬ್ಬಿಗಳನ್ನ ಓವನ್ನಿಂದ ತೆಗ್ದೆ. ನೀವೇ ಬಂದು ನೋಡ್ಬೇಕು. ನನ್ ಕಣ್ ಮೇಲೆ ನನಗೇ ನಂಬಿಕೆ ಬರ್ತಿಲ್ಲ."

ಒಂದು ತಿಂಗಳ ಹಿಂದೆ ಕೊಳ್ಳೇಗಾಲದಲ್ಲಿ ಒಬ್ಬ ಟೈಲರ್ ಹೊಲಿಯುತ್ತಾ ಕೂತಲ್ಲೇ ಕುಸಿದಿದ್ದ. ಅವನ ಡಬ್ಬಿ ನಿಂತುಹೋಗಿತ್ತು. ಅಂಗಡಿ ಆಸ್ಪತ್ರೆಯ ಎದುರಿಗೇ ಇದ್ದುದರಿಂದ ಬದುಕಿಕೊಂಡ. ಕಂಪನಿ ಅವನ ಮೇಲೇ ತಪ್ಪು ಹೊರಿಸಿ 'ಬ್ಯಾಟರಿ ಸರಿಯಾಗಿ ಚಾರ್ಜ್ ಮಾಡಿಲ್ಲ' ಎಂದು ಬರೆಯಿತು. ಆ ಕಾಗದಕ್ಕೆ ಸಹಿ ಹಾಕಿದವಳೂ ಸಿಂಚನಾಳೇ. ಆದರೆ ಇಮ್ತಿಯಾಜ್‌ಗೆ ಸಮಾಧಾನವಾಗಿರಲಿಲ್ಲ. ಮೊದಲ ಎರಡು ವಾರದಲ್ಲಿ ಮಾದರಿಗೆಂದು ಎತ್ತಿಟ್ಟಿದ್ದ ಹತ್ತು ಡಬ್ಬಿಗಳನ್ನು ಓವನ್ನಿಗಿಟ್ಟ. ಆ ಓವನ್ನಿನ ಮೂರು ವಾರದ ಬಿಸಿ, ಮನುಷ್ಯನ ಸೊಂಟದ ಮೇಲಿನ ಒಂದೂವರೆ ವರ್ಷಕ್ಕೆ ಸಮ.

"ಆರು ಸತ್ತಿವೆ ಮೇಡಂ. ಬೇರೆ ಬೇರೆ ದಿನ ಅಲ್ಲ. ಆರೂ ಹೆಚ್ಚುಕಮ್ಮಿ ಒಂದೇ ಸಮಯಕ್ಕೆ. ಲೆಕ್ಕ ಹಾಕಿದ್ರೆ ನಾನೂರ ಹತ್ತನೇ ದಿನ, ಅದರ ಆಚೀಚೆ."

ಸಿಂಚನಾ ಪರೀಕ್ಷಾ ಕೊಠಡಿಯ ಕಡೆ ಹೆಜ್ಜೆ ಹಾಕಿದಳು. "ಉಳಿದ ನಾಲ್ಕು?"

"ಅದೇ ವಿಚಿತ್ರ. ಆ ನಾಲ್ಕಕ್ಕೆ ಏನೂ ಆಗಿಲ್ಲ. ಹೊಸದರ ಹಾಗೆ ಇವೆ. ಅದೇ ಮೊಳೆ, ಅದೇ ಸ್ಪ್ರಿಂಗು, ಅದೇ ಬೋರ್ಡು, ನೀವೇ ತಿದ್ದಿದ ಅದೇ ಕನೆಕ್ಟರು. ಎರಡು ಸಲ ಮೀಟರ್ ಬದಲಾಯಿಸಿ ನೋಡ್ದೆ."

ಅವನು ಸತ್ತ ಡಬ್ಬಿಯ ಬೋರ್ಡನ್ನು ಭೂತಗನ್ನಡಿಯ ಕೆಳಗಿಟ್ಟ. ಏಳು ಮೊಳೆಗಳು ಆತು ನಿಂತಿದ್ದ ಏಳು ಜಾಗಗಳಲ್ಲೂ ಕಂದು ಬಣ್ಣದ ಬಳೆಯಂಥ ಕಲೆ. ಬೆಸುಗೆ ಹಾಕಿದ ಬೋರ್ಡನ್ನು ಎಷ್ಟು ತೊಳೆದರೂ ಕಣ್ಣಿಗೆ ಕಾಣದ ಒಂದು ಜಿಡ್ಡಿನ ಪೊರೆ ಉಳಿದಿರುತ್ತದೆ. ಹೊಸತರಲ್ಲಿ ಮೊಳೆ ಅದನ್ನು ಒತ್ತಿ ಹಿಡಿದು ಕರೆಂಟ್ ದಾಟಿಸುತ್ತದೆ. ದಿನ ಕಳೆದಂತೆ ಆ ಪೊರೆ ಕಾಯ್ದು ಕಾಯ್ದು, ಹಾಲಿನ ಪಾತ್ರೆಯ ತಳ ಸೀದ ಹಾಗೆ ಗಟ್ಟಿಯಾಗುತ್ತದೆ. ಆಮೇಲೆ ಕರೆಂಟಿಗೆ ದಾರಿಯಿಲ್ಲ.

ಅವನು ಬದುಕಿದ ಡಬ್ಬಿಯ ಬೋರ್ಡನ್ನಿಟ್ಟ. ಅಲ್ಲಿ ಕಲೆಯಿಲ್ಲ. ಪ್ರತಿ ಮೊಳೆಯ ಜಾಗದಲ್ಲೂ ಕೂದಲೆಳೆಯಷ್ಟು ಸಣ್ಣ, ಥಳಥಳ ಹೊಳೆಯುವ ಒಂದು ಗೀರು.

"ಯಾರೋ ಉಜ್ಜಿದಾರೆ," ಅಂದಳು ಸಿಂಚನಾ. ಬೆಳಿಗ್ಗೆ ಅಪ್ಪ ಬಲ್ಬು ತಿರುಗಿಸಿದ್ದು ಕಣ್ಣಿಗೆ ಕಟ್ಟಿತು. "ಇಮ್ತಿಯಾಜ್, ಈ ನಾಲ್ಕನ್ನ ಜೋಡಿಸಿದ್ದು ಯಾವತ್ತು?"

"ಅದೂ ನೋಡ್ದೆ. ಶುರುವಾದ ಎರಡನೇ ವಾರ ಯಂತ್ರದ ಕೈ ಕೆಟ್ಟು ಮೂರು ದಿನ ನಿಂತಿತ್ತಲ್ಲ? ಆಗ ಹಳೇ ಲೈನಿನ ಮಾದೇವಮ್ಮನವರು, ಅವರ ಜೊತೆಯವರು ಸೇರಿ ಕೈಯಿಂದ ನಲವತ್ತು ಡಬ್ಬಿ ಜೋಡಿಸಿದ್ರು. ಈ ನಾಲ್ಕೂ ಅವರವೇ."

ಸಿಂಚನಾ ತನ್ನ ಕಂಪ್ಯೂಟರಿನ ಮುಂದೆ ಕೂತು ಆ ಹಳೆಯ ಕೈಗವಸಿನ ದಾಖಲೆ ತೆರೆದಳು. ತೆರೆಯ ಮೇಲೆ ಒಂದು ಜೊತೆ ಕೈಗಳು ಮಾತ್ರ. ಎಡಗೈ ಬೋರ್ಡನ್ನು ಹಿಡಿಯುತ್ತದೆ, ಬಲಗೈ ಕನೆಕ್ಟರನ್ನು ಕೂರಿಸುತ್ತದೆ. ಆಮೇಲೆ ಎಡಗೈಯ ಹೆಬ್ಬೆರಳು ಅದರ ಅಂಚಿಗೆ ಹೋಗಿ, ಕೂರಿಸಿದ್ದನ್ನು ಚೂರೇ ಚೂರು ಓರೆಯಾಗಿ ಎಬ್ಬಿಸಿ, ಮತ್ತೆ ಕೂರಿಸುತ್ತದೆ. ಎಬ್ಬಿಸಿ ಕೂರಿಸಲು ಸೊನ್ನೆ ಬಿಂದು ಎಂಟು ಸೆಕೆಂಡು. ಪಕ್ಕದಲ್ಲೇ ಅವಳ ಟಿಪ್ಪಣಿ ಇತ್ತು, 'ವ್ಯರ್ಥ ಚಲನೆ ಹನ್ನೊಂದು. ತೆಗೆದುಹಾಕಿ.'

ಅಯ್ಯೋ ದೇವರೇ! ಅವಳು ಆಗ ಕೇಳಿಯೂ ಇದ್ದಳು. ಎರಡು ಸಲ ಯಾಕೆ ಕೂರಿಸ್ತೀರಿ ಅಂತ ಮಾದೇವಮ್ಮನನ್ನೇ ಕೇಳಿದ್ದಳು. ಬಂದ ಉತ್ತರವೂ ಅಲ್ಲೇ ಬರೆದಿತ್ತು, 'ಸುಮ್ಮನೆ ಅಭ್ಯಾಸ.'

ಮಾದೇವಮ್ಮ ಈಗ ಪ್ಯಾಕಿಂಗ್ ಶೆಡ್ಡಿನಲ್ಲಿ ರಟ್ಟಿನ ಪೆಟ್ಟಿಗೆಗಳಿಗೆ ಸ್ಟಿಕ್ಕರ್ ಅಂಟಿಸುತ್ತಿದ್ದರು. ಇಪ್ಪತ್ತೆರಡು ವರ್ಷ ಲೈನಿನಲ್ಲಿ ಕೂತಿದ್ದ ಹೆಂಗಸು. ಯಂತ್ರದ ಕೈ ಬಂದ ಮೇಲೆ ನಲವತ್ತಾರು ಜನರಲ್ಲಿ ಬಹುತೇಕರು ಬೇರೆ ಕೆಲಸ ಹುಡುಕಿಕೊಂಡು ಹೋದರು, ಇವರು ಮಾತ್ರ ಶೆಡ್ಡಿಗೆ ಬಂದು ಕೂತರು. ಸಿಂಚನಾ ಓಡೋಡಿ ಬಂದು ಎದುರು ನಿಂತಾಗ ಎದ್ದು ನಿಂತರು.

"ಮಾದೇವಕ್ಕ, ಕನೆಕ್ಟರ್ ಕೂರಿಸೋವಾಗ ಒಂದ್ ಸಲ ಎಬ್ಬಿಸಿ ಮತ್ತೆ ಕೂರಿಸ್ತಿದ್ರಲ್ಲ, ಯಾಕೆ?"

ಮಾದೇವಮ್ಮನ ಮುಖ ಬಿಳಿಚಿತು. "ಈಗ್ಯಾಕೆ ಮೇಡಂ ಅದು? ಲೈನ್ ಬಿಟ್ಟು ವರ್ಷದ ಮೇಲಾಯ್ತು. ನಾನು ನನ್ ಪಾಡಿಗೆ ಸ್ಟಿಕ್ಕರ್ ಅಂಟಿಸ್ಕೊಂಡಿದೀನಿ. ಏನಾದ್ರೂ ತಪ್ಪಾಯ್ತಾ?"

"ತಪ್ಪು ನಿಮ್ದಲ್ಲ. ನಿಜ ಹೇಳಿ, ನಿಮ್ ಕೈ ಮುಗೀತೀನಿ."

ಮಾದೇವಮ್ಮ ಅತ್ತಿತ್ತ ನೋಡಿದರು. ಸೂಪರ್‌ವೈಸರ್ ಹತ್ತಿರದಲ್ಲಿಲ್ಲ ಎಂಬುದು ಖಾತ್ರಿಯಾದ ಮೇಲೆ ದನಿ ತಗ್ಗಿಸಿದರು. "ನಾನು ಸೇರಿದ ಹೊಸದ್ರಲ್ಲಿ ಟೆಸ್ಟ್ ಟೇಬಲಿಂದ ಟ್ರೇಗಳು ವಾಪಸ್ ಬರೋವು. ವಾಪಸ್ ಬಂದ್ರೆ ಯಾರು ಕೂರಿಸಿದ್ರೋ ಗೋಡೆ ಬೋರ್ಡಲ್ಲಿ ಅವರ ಹೆಸರಿನ ಮುಂದೆ ಕೆಂಪು ಚೀಟಿ ಚುಚ್ಚೋರು. ಮೂರು ಚೀಟಿ ಬಿದ್ರೆ ಎಲ್ಲರ ಎದುರಿಗೆ ಬೈಗುಳ. ಒಂದಿನ ವಾಪಸ್ ಬಂದಿದ್ದನ್ನ ಎಬ್ಬಿಸಿ ಮತ್ತೆ ಕೂರಿಸ್ದೆ. ಪಾಸಾಗೋಯ್ತು! ಆಮೇಲೆ ಎಲ್ಲರೂ ಮೊದಲೇ ಎರಡು ಸಲ ಕೂರಿಸೋಕೆ ಶುರು ಮಾಡಿದ್ವಿ. ಒಂದ್ ಟ್ರೇನೂ ವಾಪಸ್ ಬರ್ಲಿಲ್ಲ."

"ಇದನ್ನ ಯಾರಿಗೂ ಹೇಳ್ಲಿಲ್ವಾ?"

"ಹೇಳಿದ್ರೆ? ಮೊದಲ್ನೇ ಸಲ ನೀವು ಸರಿಯಾಗಿ ಕೂರಿಸ್ತಿರಲಿಲ್ಲ ಅಂತ ತಾನೆ ಅರ್ಥ? ಎರಡು ಸಲ ಕೂರಿಸೋದು ಕಂಡ್ರೇ ಸೂಪರ್‌ವೈಸರು ಟೈಮ್ ವೇಸ್ಟು ಅಂತ ಕಿರುಚೋರು. ನಾವು ಅವರು ಆ ಕಡೆ ತಿರುಗಿದಾಗ ಮಾಡ್ತಿದ್ವಿ."

"ಆದ್ರೆ ನಾನು ಕೇಳಿದ್ನಲ್ಲ ಅಕ್ಕ. ನಾನೇ ಬಂದು ನಿಮ್ಮನ್ನ ಕೇಳಿದ್ನಲ್ಲ."

"ಕೇಳಿದ್ರಿ," ಅಂದರು ಮಾದೇವಮ್ಮ. "ಸೂಪರ್‌ವೈಸರು ನಿಮ್ ಪಕ್ಕದಲ್ಲೇ ನಿಂತಿದ್ರು. ಅಭ್ಯಾಸ ಅಂದೆ. ನೀವೂ ಬರ್ಕೊಂಡು ಹೋದ್ರಿ. ಇನ್ನೊಂದ್ ಸಲ ಕೇಳ್ತೀರೇನೋ ಅನ್ಕೊಂಡೆ."

ಸಿಂಚನಾ ಸ್ಟಿಕ್ಕರಿನ ರಾಶಿಯ ಮೇಲೇ ಕೂತುಬಿಟ್ಟಳು. ಇಪ್ಪತ್ತೆರಡು ವರ್ಷ ಕಂಪನಿಯ ಡಬ್ಬಿ ಒಂದೂ ಕೆಟ್ಟಿರಲಿಲ್ಲ. ಅದಕ್ಕೆ ಕಾರಣ ಚಿನ್ನದ ಲೇಪವೂ ಅಲ್ಲ, ಒಳ್ಳೆಯ ಸ್ಪ್ರಿಂಗೂ ಅಲ್ಲ. ಬೈಗುಳಕ್ಕೆ ಹೆದರಿದ ನಲವತ್ತಾರು ಹೆಬ್ಬೆರಳು! ಅದನ್ನೇ ಅವಳು ಕಸವೆಂದು ಗುಡಿಸಿ ಎಸೆದಿದ್ದಳು.

ಆಗ ಅವಳಿಗೆ ಅಪ್ಪನ ನೆನಪು ಬಂತು. ಆರನೇ ಡಬ್ಬಿ. ಬೆರಳು ಮಡಿಚಿ ಎಣಿಸಿದಳು, ಮತ್ತೊಮ್ಮೆ ಎಣಿಸಿದಳು. ಇವತ್ತಿಗೆ ನಾನೂರ ಒಂಬತ್ತು ದಿನ.

ಫೋನ್ ಮಾಡಿದಳು. ಏಳು ಸಲ ರಿಂಗ್ ಆಯಿತು. ಎಂಟನೆಯದಕ್ಕೆ ಸೋಮಣ್ಣ ಎತ್ತಿದರು, ಹಿಂದೆ ಅದೇ ಜೋರು ರೇಡಿಯೋ.

"ಅಪ್ಪ, ರೇಡಿಯೋ ಆರಿಸು. ಡಬ್ಬಿ ಏನಾದ್ರೂ ಸದ್ದು ಮಾಡ್ತಾ?"

ಆ ಕಡೆ ರೇಡಿಯೋ ನಿಂತಿತು. ನಿಂತದ್ದೇ ತಡ, ಫೋನಿನಲ್ಲೇ ಕೇಳಿಸಿತು. ಕುಂಯ್, ಕುಂಯ್, ಕುಂಯ್. ಮೂರು ಸಲ ಕೂಗಿದರೆ ಕರೆಂಟಿನ ದಾರಿ ಕಟ್ಟುತ್ತಿದೆ ಎಂದು ಅರ್ಥ. ಆ ಅರ್ಥವನ್ನು ಕೈಪಿಡಿಯಲ್ಲಿ ಬರೆದವಳೂ ಅವಳೇ.

"ಯಾವಾಗಿಂದ?"

"ನಿನ್ನೆ ಸಾಯಂಕಾಲದಿಂದ ಕಣವ್ವ. ಮೊದ್ಲು ಗಂಟೆಗೊಂದ್ಸಲ ಅಂತಿತ್ತು. ಈಗ ಕಾಲು ಗಂಟೆಗೊಂದ್ಸಲ ಅಂತದೆ."

"ಯಾಕಪ್ಪ ಹೇಳ್ಲಿಲ್ಲ? ರೇಡಿಯೋ ಹಾಕ್ಕೊಂಡು ಮುಚ್ಚಿಟ್ಯಾ?" ಅವಳಿಗೆ ಅಳು, ಸಿಟ್ಟು ಎರಡೂ ಒಟ್ಟಿಗೇ ಬಂತು.

"ನಿನ್ ಡಬ್ಬಿ ಅಲ್ವೇನವ್ವ? ಊರಿಗೆಲ್ಲ ಸ್ವೀಟ್ ಹಂಚಿದೀಯ. ನಾನೇ ಸರಿಯಿಲ್ಲ ಅಂದ್ರೆ ನಿನಗೆ ಬೇಜಾರಾಗಲ್ವಾ? ತಾನೇ ಸರಿಹೋಗುತ್ತೆ ಅನ್ಕೊಂಡೆ."

"ಅಲ್ಲಾಡಬೇಡ. ಕುರ್ಚಿ ಬಿಟ್ಟು ಏಳಬೇಡ. ಬಂದೆ."

ಆಸ್ಪತ್ರೆಯ ಡಾಕ್ಟರಿಗೆ ಫೋನಿನಲ್ಲಿ ಹೇಳಿದಾಗ ಅವರೂ ಬೆಚ್ಚಿಬಿದ್ದರು. ಅಲುಗಾಡಿಸಿ ಕರೆತರುವುದು ಬೇಡ, ದಾರಿಯ ಒಂದು ಹಳ್ಳಕ್ಕೇ ನಿಂತುಹೋಗಬಹುದು. ಹೊಸ ಡಬ್ಬಿ ತಂದು ಆ ಪಂಪಿಗೆ ಹೊಂದಿಸಲು ಎರಡು ಗಂಟೆ ಬೇಕು. ಅಷ್ಟು ಹೊತ್ತು ಇದು ಬದುಕಿರಬೇಕಲ್ಲ! ಇಮ್ತಿಯಾಜ್ ಡಬ್ಬಿ ಬಿಚ್ಚುವ ಬಿಸಿ ಕತ್ತಿ, ಮೀಟರ್ ಹಿಡಿದು ಕಂಪನಿಯ ವ್ಯಾನು ಹತ್ತಿದ. ಸಿಂಚನಾ ಮಾದೇವಮ್ಮನ ಕೈ ಹಿಡಿದುಕೊಂಡೇ ಹತ್ತಿಸಿದಳು. ಹತ್ತು ನಿಮಿಷದ ದಾರಿಯಲ್ಲಿ ಎಲ್ಲ ಆಸ್ಪತ್ರೆಗಳಿಗೂ ಎಚ್ಚರಿಕೆಯ ಸಂದೇಶ ಕಳಿಸಿದಳು. ಮುನ್ನೂರ ಎಂಬತ್ತು ದಿನ ದಾಟಿದವರನ್ನೆಲ್ಲ ಈಗಲೇ ಕರೆಸಿಕೊಳ್ಳಿ, ತಪ್ಪು ಬಳಸಿದವರದಲ್ಲ, ವಿನ್ಯಾಸ ಮಾಡಿದ ನನ್ನದು. ಮೇಲಿನವರ ಅಪ್ಪಣೆಗೆ ಕಾಯಲಿಲ್ಲ. ಕೆಳಗೆ ತನ್ನ ಪೂರ್ತಿ ಹೆಸರು ಹಾಕಿದಳು.

ಸೋಮಣ್ಣ ಊಟದ ಮೇಜಿನ ಪಕ್ಕ ಶಾಲೆಯ ಮಗುವಿನ ಹಾಗೆ ನೆಟ್ಟಗೆ ಕೂತಿದ್ದರು. ತಟ್ಟೆ ಮುಚ್ಚಿದ ಉಪ್ಪಿಟ್ಟು ಅಲ್ಲೇ ಇತ್ತು. ಇಮ್ತಿಯಾಜ್ ಡಬ್ಬಿಯನ್ನು ಮೇಜಿನ ಮೇಲೆ ಮೆತ್ತಗೆ ಮಲಗಿಸಿ, ಸೀಲಿನ ಸುತ್ತ ಬಿಸಿ ಕತ್ತಿ ಎಳೆದು ಮುಚ್ಚಳ ತೆಗೆದ. ಮೀಟರ್ ಹಚ್ಚಿದವನ ಹಣೆ ಬೆವರಿತು.

"ಕರೆಂಟಿಗಿರೋ ತಡೆ ಹನ್ನೆರಡು ಇರಬೇಕಾದ ಕಡೆ ನಾನೂರ ಎಂಬತ್ತು ಮೇಡಂ. ಏರ್ತಾನೇ ಇದೆ."

ಈಗ ಮಾಡಬೇಕಾದ್ದು ಅದೇ. ಎಬ್ಬಿಸಬೇಕು, ಕೂರಿಸಬೇಕು. ಆದರೆ ಎಬ್ಬಿಸಿದಾಗ ಪಂಪಿಗೆ ಕರೆಂಟ್ ಇಲ್ಲ. ಒಂದು ಸೆಕೆಂಡು ಮೀರಿದರೆ ಡಬ್ಬಿ ತನಗೆ ತಾನೇ ಬೀಗ ಹಾಕಿಕೊಳ್ಳುತ್ತದೆ. ಆಮೇಲೆ ಆಸ್ಪತ್ರೆಯ ಯಂತ್ರಕ್ಕೆ ಹಚ್ಚದೆ ಅದು ಏಳುವುದಿಲ್ಲ.

ಸಿಂಚನಾ ಬೆರಳು ಚಾಚಿದಳು. ಬೆರಳು ಜಾರಿತು. ಮತ್ತೆ ಚಾಚಿದಳು, ಮತ್ತೆ ಜಾರಿತು. ಕನೆಕ್ಟರಿಗೆ ಹಿಡಿಯಲು ಅಂಚೇ ಇರಲಿಲ್ಲ! ಯಂತ್ರದ ಕೈ ಗಾಳಿ ಹೀರಿ ಎತ್ತುತ್ತದೆ, ಅದಕ್ಕೆ ಹಿಡಿ ಬೇಕಿಲ್ಲ ಎಂದು ಮೈಯನ್ನು ಕನ್ನಡಿಯಷ್ಟು ನುಣ್ಣಗೆ ಮಾಡಿಸಿದ್ದು ಅವಳೇ. ಮನುಷ್ಯರ ಬೆರಳಿಗೆ ಅಲ್ಲಿ ಕೂದಲೆಳೆಯಷ್ಟು ಸಂದು ಮಾತ್ರ ಉಳಿದಿತ್ತು.

"ಸರೀರಿ ಮೇಡಂ," ಅಂದರು ಮಾದೇವಮ್ಮ. ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದು ಎಡಗೈಯ ಹೆಬ್ಬೆರಳು ಮುಂದೆ ಮಾಡಿದರು. ಉಗುರು ಅರ್ಧ ಇಂಚು ಉದ್ದ, ತುದಿ ಓರೆ. ಲೈನಿನ ಹೆಂಗಸರೆಲ್ಲ ಒಂದೇ ಉಗುರು ಬಿಡುತ್ತಿದ್ದುದನ್ನು ಸಿಂಚನಾ ಆಗ ನೋಡಿದ್ದಳು. ಶೋಕಿ ಅಂದುಕೊಂಡಿದ್ದಳು.

"ಪ್ಯಾಕಿಂಗಿಗೆ ಬಂದ್ಮೇಲೂ ಕತ್ತರಿಸ್ಲಿಲ್ವಾ ಅಕ್ಕ?"

"ಮತ್ತೆ ಲೈನಿಗೆ ಕರೀತಾರೇನೋ ಅಂತ ಬಿಟ್ಕೊಂಡಿದ್ದೆ."

ಮಾದೇವಮ್ಮ ಬಗ್ಗಿ ಉಗುರನ್ನು ಆ ಸಂದಿಗಿಟ್ಟರು. ಥಟ್ಟನೆ ತೆಗೆದುಬಿಟ್ಟರು. "ಟ್ರೇನಲ್ಲಾದ್ರೆ ಮಾಡ್ಬೋದು. ಇದು ಜೀವ ಇರೋ ಮನುಷ್ಯ ಕಣ್ರೀ. ಅಣ್ಣ, ನೀವ್ ಕಣ್ಣಾದ್ರೂ ಮುಚ್ಕೊಳಿ."

"ಮುಚ್ಚಲ್ಲ ಕಣಮ್ಮ," ಅಂದರು ಸೋಮಣ್ಣ. "ಕಂಬದ ಮೇಲೆ ಮೂವತ್ತು ವರ್ಷ ಕಣ್ ಬಿಟ್ಕೊಂಡೇ ಕೆಲ್ಸ ಮಾಡಿದ್ದು. ನೀನು ನನ್ ಮುಖ ನೋಡ್ಬೇಡ. ನಿನ್ ಕೈ ನೋಡು. ದಿನಾ ಮಾಡೋ ಹಾಗೆ ಮಾಡು."

ಮಾದೇವಮ್ಮ ಒಂದು ಸಲ ಉಸಿರೆಳೆದುಕೊಂಡರು. ಉಗುರು ಸಂದಿಗೆ ಹೋಯಿತು. ಕನೆಕ್ಟರ್ ಒಂದು ಬದಿ ಎದ್ದಿತು. ಪಂಪಿನ ಗುಂಯ್‌ಗುಡುವಿಕೆ ನಿಂತಿತು. ಸೋಮಣ್ಣನ ತುಟಿ ಬಿಳಿಯಾಯಿತು, ಸಿಂಚನಾ ಅಪ್ಪನ ಭುಜ ಹಿಡಿದಳು. ಅಷ್ಟರಲ್ಲಿ 'ಕಟ್' ಎಂದಿತು. ಗುಂಯ್ ಎಂಬ ಸದ್ದು ಮತ್ತೆ ಶುರುವಾಯಿತು. ಇಷ್ಟೆಲ್ಲ ಒಂದು ರೆಪ್ಪೆ ಬಡಿಯುವುದರೊಳಗೆ ಮುಗಿದಿತ್ತು.

"ಹನ್ನೆರಡು," ಅಂದ ಇಮ್ತಿಯಾಜ್. "ಮೇಡಂ, ಹನ್ನೆರಡು! ಯಾ ಅಲ್ಲಾ." ಮೀಟರ್ ಕೆಳಗಿಟ್ಟು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

ಸಿಂಚನಾ ಮಾದೇವಮ್ಮನನ್ನು ತಬ್ಬಿಕೊಂಡು ಅತ್ತುಬಿಟ್ಟಳು. ಅವರು ಅವಳ ಬೆನ್ನು ಸವರಿದರು. ಮೇಡಂ ಅನ್ನುವುದು ಅವರ ಬಾಯಿಂದ ತಾನಾಗಿಯೇ ಬಿದ್ದುಹೋಯಿತು. "ಅಳ್ಬೇಡ ಕಣವ್ವ. ಆಯ್ತಲ್ಲ." ಇಮ್ತಿಯಾಜ್ ಮುಚ್ಚಳ ಎತ್ತಿಕೊಂಡು ಸೀಲಿಗೆ ಅಂಟು ಹಚ್ಚಲು ಹೊರಟ. ಸೋಮಣ್ಣ ತಣ್ಣಗಾದ ಉಪ್ಪಿಟ್ಟನ್ನು ಹತ್ತಿರ ಎಳೆದುಕೊಂಡರು.

ಆಗ ಮಾದೇವಮ್ಮ ಕೇಳಿದರು, "ಅಲ್ಲ ಕಣವ್ವ, ಇದನ್ನ ಹನ್ನೊಂದನೇದು ಅಂದ್ಯಲ್ಲ ದಾರೀಲಿ. ಹನ್ನೊಂದು ಅಂದ್ರೆ?"

"ವ್ಯರ್ಥ ಚಲನೆ ಹನ್ನೊಂದು. ನಾನು ತೆಗೆದುಹಾಕಿದ್ದು ಒಟ್ಟು..."

"ಒಟ್ಟು ಎಷ್ಟು?"

"ಹತ್ತೊಂಬತ್ತು."

ಮಾದೇವಮ್ಮ ಕುರ್ಚಿ ಎಳೆದುಕೊಂಡು ಕೂತರು. "ಓದು. ಮೊದಲಿಂದ ಓದು."

ಸಿಂಚನಾ ಫೋನಿನಲ್ಲಿ ಆ ಪಟ್ಟಿ ತೆರೆದಳು. "ಒಂದು. ದಿನದ ಮೊದಲ ಡಬ್ಬಿಯನ್ನು ಕಣ್ಣಿಗೆ ಒತ್ತಿಕೊಳ್ಳುವುದು."

ಮಾದೇವಮ್ಮ ನಕ್ಕರು. "ಅದು ಭಕ್ತಿ ಕಣವ್ವ. ಅದನ್ನ ಬಿಟ್ರೂ ಯಂತ್ರ ಕೆಡಲ್ಲ. ಮುಂದೆ?"

"ಎರಡು. ಪ್ರತಿ ಹತ್ತು ಡಬ್ಬಿಗೊಮ್ಮೆ ಬೆರಳು ನೆಟಿಕೆ ತೆಗೆಯುವುದು."

"ಅದು ನೋವಿಗೆ."

"ಮೂರು. 'ಮುಚ್ಚಳ ಹಾಕುವ ಮೊದಲು ಡಬ್ಬಿಯನ್ನು ಕಿವಿಯ ಹತ್ತಿರ ಅಲ್ಲಾಡಿಸುವುದು.'"

ಮಾದೇವಮ್ಮನ ನಗು ಹೋಯಿತು. "ಅದನ್ನೂ ತೆಗೆದ್ಬಿಟ್ರಾ?"

"ಯಾಕಕ್ಕ? ಅದ್ಯಾತಕ್ಕೆ?"

"ಬೆಸುಗೆ ಹಾಕೋವಾಗ ಸೀಸದ ಕಾಳು ಒಂದೊಂದ್ ಸಲ ಸಿಡಿದು ಒಳಗೇ ಉಳ್ಕೊಳ್ಳುತ್ತೆ. ಅಲ್ಲಾಡಿಸಿದ್ರೆ ಗಿಲ್ ಅನ್ನುತ್ತೆ. ಅಂಥದ್ದನ್ನ ಬಗ್ಗಿಸಿ ಉದುರಿಸಿ ಆಮೇಲೆ ಮುಚ್ಚಳ ಹಾಕ್ತಿದ್ವಿ. ಅದು ಎಲ್ಲಾದ್ರೂ ಉರುಳಿ ಎರಡು ಮೊಳೆ ಮಧ್ಯೆ ಕೂತ್ರೆ ಮುಗೀತು ಕಥೆ. ವಾರಕ್ಕೆ ಒಂದೋ ಎರಡೋ ಸಿಗೋದು."

ಸೋಮಣ್ಣ ಬಾಯಿಗೆತ್ತಿದ ತುತ್ತನ್ನು ಹಾಗೇ ತಟ್ಟೆಗೆ ಹಾಕಿದರು.

"ಅವ್ವ," ಅಂದರು ಮಗಳಿಗೆ, ಮೆಲ್ಲಗೆ. "ಬೆಳಿಗ್ಗೆ ಸ್ಟೂಲಿಂದ ಇಳಿದಾಗ ನೀನು ಬೈದ್ಯಲ್ಲ. ನನ್ ಜೇಬಲ್ಲಿ ಬೀಗದ ಕೈ ಇರಲಿಲ್ಲ ಕಣವ್ವ."

ಇಮ್ತಿಯಾಜ್‌ನ ಕೈಯ ಮುಚ್ಚಳ ಗಾಳಿಯಲ್ಲೇ ನಿಂತಿತು. ನಾಲ್ಕು ಜನರ ಕಣ್ಣೂ ಬಾಯಿ ತೆರೆದು ಮಲಗಿದ್ದ ಡಬ್ಬಿಯ ಮೇಲೆ ಬಿತ್ತು.

ಮಾದೇವಮ್ಮ ಎದ್ದರು. ಉಪ್ಪಿಟ್ಟಿಗೆ ಮುಚ್ಚಿದ್ದ ಸ್ಟೀಲ್ ತಟ್ಟೆಯನ್ನು ತಂದು ಡಬ್ಬಿಯ ಪಕ್ಕ ಇಟ್ಟರು. ಕೇಬಲ್ ಎಳೆಯದಂತೆ ಒಂದು ಕೈ ಹಿಡಿದು, ಇನ್ನೊಂದು ಕೈಯಿಂದ ಡಬ್ಬಿಯನ್ನು ಇಷ್ಟಿಷ್ಟೇ ಓರೆ ಮಾಡಿದರು. ತಟ್ಟೆಯ ಮೇಲೆ ಗಿಲ್ ಎಂದು ಸದ್ದಾಯಿತು. ಗಸಗಸೆಯಷ್ಟು ಸಣ್ಣ ಒಂದು ಸೀಸದ ಕಾಳು ಉರುಳಿ ಅಂಚಿಗೆ ಹೋಗಿ ನಿಂತಿತು.

ಮಾದೇವಮ್ಮ ಅದನ್ನು ಒದ್ದೆ ಬೆರಳಿಗೆ ಅಂಟಿಸಿಕೊಂಡು ನೋಡಿ ಮತ್ತೆ ತಟ್ಟೆಗೇ ಹಾಕಿದರು. ಕೂತರು.

"ಓದವ್ವ," ಅಂದರು. "ನಾಲ್ಕನೇದು."